ನೀವೇ ನೋಡ್ಕೊಳ್ಳಿ

ಜೂನ್ 3, ಸೋಮವಾರ

ಎಂಟೂವರೆಗೇ ಆಫೀಸು. ಕ್ಯಾಬಿನ್ನಿನ ಕುರ್ಚಿ ಇನ್ನೂ ಮೇಷ್ಟ್ರ ಎತ್ತರಕ್ಕೇ ಇದೆ. ಇಳಿಸುವ ಹಿಡಿ ಎಲ್ಲಿದೆಯೋ ಸಿಗಲಿಲ್ಲ. ಕಾಲು ನೆಲಕ್ಕೆ ತಾಗದೆಯೇ ಮೀಟಿಂಗ್ ಮುಗಿಸಿದೆ. ಮಾರ್ಕೆಟಿಂಗ್ ಮುಖ್ಯಸ್ಥೆಯಾಗಿ ಮೂರನೇ ವಾರ.

ಮೇಷ್ಟ್ರು ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಬೋರ್ಡಿನ ಮುಂದೆ ಮಾರ್ಕರ್ ಹಿಡಿದು ನಿಂತರೆ ಹಾಗೆ ಕಾಣುತ್ತಿದ್ದರು, ಹೆಸರು ಅಂಟಿಕೊಂಡಿತು. ಹೋದ ತಿಂಗಳು ಈ ಕುರ್ಚಿಯಿಂದಲೇ ರಿಟೈರ್ ಆದರು. ಬೀಗ ಮಾರುವುದನ್ನು ನನಗೆ ಕಲಿಸಿದ್ದು ಅವರೇ. ಕಲಿಸಿದ್ದು ಅಂದರೆ — ಏನು ಕೇಳಲು ಹೋದರೂ "ನೀನೇ ನೋಡ್ಕೋಮ್ಮ" ಅನ್ನುತ್ತಿದ್ದರು, ಅಷ್ಟೇ. ಆ ಮಾತು ಕಿವಿಗೆ ಬಿದ್ದರೆ ನನ್ನ ಬೆನ್ನು ನೆಟ್ಟಗಾಗುತ್ತಿತ್ತು. ನನ್ನ ಕೈಕೆಳಗಿನವರಿಗೂ ಹಾಗೇ ಆಗಬೇಕು. ಎಲ್ಲದಕ್ಕೂ ಮೂಗು ತೂರಿಸುವ ಬಾಸ್ ನಾನಾಗಬಾರದು. ಸದ್ಯಕ್ಕೆ ಇದೊಂದೇ ನಿಯಮ.

ಸಂಜೆ ಉದ್ದಣ್ಣ ಬಂದರು. ಅಂಗಡಿಗಳನ್ನೆಲ್ಲ ನೋಡಿಕೊಳ್ಳುವ ಸೇಲ್ಸ್‌ನವರು, ನನಗಿಂತ ಹಿರಿಯರು. ಆರಡಿಯ ಮೇಲಿದ್ದಾರೆ, ಕ್ಯಾಬಿನ್ನಿನ ಬಾಗಿಲಲ್ಲಿ ಬಗ್ಗಿಯೇ ಬರಬೇಕು.

"ಏನ್ ತಾಯಿ, ದೊಡ್ಡ ಕುರ್ಚಿ ಹೇಗಿದೆ?"

"ಚುಚ್ತಾ ಇದೆ ಅಣ್ಣ."

"ಚುಚ್ಲಿ ಬಿಡು, ನಿದ್ದೆ ಬರಲ್ಲ."

ಎಲ್ಲರೆದುರು ನಾನು ಮೇಡಂ. ಇಬ್ಬರೇ ಇದ್ದರೆ ತಾಯಿ, ಹನ್ನೊಂದು ವರ್ಷದಿಂದ. ನನಗೆ ಬಡ್ತಿ ಬಂದಾಗ ಹೊಟ್ಟೆಕಿಚ್ಚಿಲ್ಲದೆ ನಕ್ಕವರು ಇವರೊಬ್ಬರೇ.

ಜೂನ್ 5, ಬುಧವಾರ

ಹೊಸ ಬೀಗದ ಬಿಡುಗಡೆಗೆ ಹತ್ತೇ ದಿನ. ಕೀಲಿ ಬೇಡ, ನಂಬರ್ ಒತ್ತಿದರೆ ತೆರೆಯುತ್ತದೆ. ಜಾಹೀರಾತಿನ ಫೋಟೋದಲ್ಲಿ ಬೀಗ ಸಾಬೂನಿನ ಡಬ್ಬಿಯ ಹಾಗೆ ಬಂದಿದೆ. ಅದನ್ನೇ ಹಿಡಿದು ತಲೆ ಕೆಡಿಸಿಕೊಂಡಿದ್ದಾಗ ಉದ್ದಣ್ಣ ಬಂದರು. ಮುಖ ಗಂಭೀರ.

"ಮುಖ್ಯರಸ್ತೆ ದೊಡ್ಡ ಅಂಗಡಿಯವರು ಹಠ ಹಿಡಿದಿದಾರೆ. ಮಾರಾಟವಾಗದ ಹಳೇ ಬೀಗ ವಾಪಸ್ ತಗೊಂಡ್ರೇನೇ ಹೊಸದನ್ನ ಮುಂದೆ ಇಡ್ತಾರಂತೆ. ಅವರು ಇಡದಿದ್ರೆ ಬೇರೆಯವರೂ ಇಡಲ್ಲ. ಏನು ಹೇಳ್ಲಿ?"

"ನೀವೇ ನೋಡ್ಕೊಳ್ಳಿ ಅಣ್ಣ."

ಬಾಗಿಲವರೆಗೆ ಹೋಗಿ ತಿರುಗಿದರು.

"ನೋಡ್ಕೊಳ್ಲಾ?"

"ನೋಡ್ಕೊಳ್ಳಿ."

ಹೋದರು. ನನ್ನ ಬಗ್ಗೆ ನನಗೇ ಹೆಮ್ಮೆ ಅನಿಸಿತು. ಮೇಷ್ಟ್ರು ಹೇಳುತ್ತಿದ್ದ ಹಾಗೇ ಹೇಳಿದೆ, ತಲೆ ಕೂಡ ಎತ್ತಲಿಲ್ಲ.

ಜೂನ್ 11, ಮಂಗಳವಾರ

ಬೆಳಗ್ಗೆ ಗೋಡೌನಿನಿಂದ ಫೋನು — ಹಳೇ ಬೀಗದ ಪೆಟ್ಟಿಗೆ ಇಡಲು ಜಾಗವಿಲ್ಲ. ಒಂದು ಅಂಗಡಿಯದಲ್ಲ. ದೊಡ್ಡ ಅಂಗಡಿಯ ಸುದ್ದಿ ಬೀದಿಯೆಲ್ಲ ಹಬ್ಬಿದೆ, ಎಲ್ಲರೂ ಕಳಿಸಿದ್ದಾರೆ. ಉದ್ದಣ್ಣ ಎಲ್ಲರಿಗೂ ಹೂಂ ಅಂದಿದ್ದಾರೆ. ಅಕೌಂಟ್ಸ್‌ನವರು ಹೌಹಾರಿ ಎಂ.ಡಿ. ಹತ್ತಿರ ಓಡಿದರು. ಹನ್ನೊಂದಕ್ಕೆ ನಮ್ಮಿಬ್ಬರಿಗೂ ಕರೆ.

"ಯಾರ ಒಪ್ಪಿಗೆ ತಗೊಂಡ್ರಿ?" ಎಂ.ಡಿ. ಕೇಳಿದರು.

"ಮೇಡಂನ ಕೇಳಿದ್ದೆ ಸರ್," ಉದ್ದಣ್ಣ ಅಂದರು. ಗಾಬರಿಯೇ ಇರಲಿಲ್ಲ ಅವರಿಗೆ. ನಾನು ಪಕ್ಕದಲ್ಲೇ ಇದ್ದೆನಲ್ಲ.

ಎಂ.ಡಿ. ನನ್ನ ಕಡೆ ತಿರುಗಿದರು. ಹೇಳಿದೆ — "ನೋಡ್ಕೊಳ್ಳಿ ಅಂದಿದ್ದೆ ಸರ್. ವಾಪಸ್ ತಗೊಳ್ಳಿ ಅಂದಿರ್ಲಿಲ್ಲ."

ಉದ್ದಣ್ಣ ನನ್ನನ್ನು ನೋಡಿದರು. ಬೈಯಲಿಲ್ಲ. ಏನೋ ಲೆಕ್ಕ ತಪ್ಪಿದವರ ಹಾಗೆ ನೋಡಿದರು, ಆಮೇಲೆ ಕಿಟಕಿಯ ಕಡೆ. ವಿಚಾರಣೆ ಮುಗಿಯುವವರೆಗೆ ನಾಳೆಯಿಂದ ಬರಬೇಡಿ ಅಂತ ಎಂ.ಡಿ. ಉದ್ದಣ್ಣನಿಗೆ ಹೇಳಿದರು. ವಿಚಾರಣೆ ಅಂದರೆ ಏನು ಅಂತ ಈ ಆಫೀಸಿನಲ್ಲಿ ಎಲ್ಲರಿಗೂ ಗೊತ್ತು. ಇಲ್ಲಿವರೆಗೆ ಅದು ಮುಗಿದು ಯಾರೂ ವಾಪಸ್ ಬಂದಿಲ್ಲ.

ಜೂನ್ 12

ನಾನು ಸುಳ್ಳು ಹೇಳಲಿಲ್ಲ. ಒಂದಕ್ಷರವೂ ಸುಳ್ಳಲ್ಲ.

ಟೀ ಹೊತ್ತಿಗೆ ನಾನು ಹೋದ ಕಡೆಯೆಲ್ಲ ಮಾತು ನಿಂತಿತು. ಬೀಗದ ಕಂಪನಿ, ಎಲ್ಲರ ಬಾಯಿಗೂ ಬೀಗ. ಬೇರೆ ದಿನ ಆಗಿದ್ದರೆ ಈ ಜೋಕಿಗೆ ನಾನೇ ನಗುತ್ತಿದ್ದೆ.

ಜೂನ್ 15, ಶನಿವಾರ

ಬಿಡುಗಡೆ ಮುಂದಕ್ಕೆ ಹೋಯಿತು. ಮನೆಯಲ್ಲಿದ್ದೇನೆ.

ಮಗಳು ಇವತ್ತು ಗೆಳತಿಯರ ಜೊತೆ ಈಜಲು ಹೋಗಬೇಕಿತ್ತು. ನೋಡಿದರೆ ರೂಮಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದಾಳೆ.

"ಯಾಕೆ ಹೋಗ್ಲಿಲ್ಲ?"

"ನಿನ್ನೆ ಕೇಳಿದ್ದಕ್ಕೆ ನೀನೇ ನೋಡ್ಕೋ ಅಂದ್ಯಲ್ಲ."

"ಅದಕ್ಕೇ ಹೋಗ್ಬೋದಿತ್ತಲ್ಲ."

"ಅಮ್ಮಾ, ನೀನೇ ನೋಡ್ಕೋ ಅಂದ್ರೆ ಹೋಗ್ಬೇಡ ಅಂತ. ಹೋಗಿ ಏನಾದ್ರೂ ಆದ್ರೆ ನನ್ನ ಹತ್ರ ಬರ್ಬೇಡ ಅಂತ. ಎಲ್ರಿಗೂ ಗೊತ್ತು."

ಪೇಪರಿನ ಹಿಂದಿನಿಂದ ಇವರು, "ನನಗೂ ಗೊತ್ತು," ಅಂದರು.

ಅಪ್ಪ ಮಗಳು ನಕ್ಕರು. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಸುಮ್ಮನೆ ನಿಂತೆ. ಅದೇ ಮಾತು, ಮೇಷ್ಟ್ರ ಬಾಯಲ್ಲಿ ನನಗೆ ಯಾಕೆ ಹಾಗೆ ಕೇಳಿಸಲೇ ಇಲ್ಲ?

ಜೂನ್ 16, ಭಾನುವಾರ

ಮೇಷ್ಟ್ರ ಮನೆ. ಹಳೇ ಬನಿಯನ್ನು ಹಾಕಿಕೊಂಡು ಬಾಗಿಲ ಕೀಲುಗಳಿಗೆ ಎಣ್ಣೆ ಬಿಡುತ್ತಿದ್ದರು. ಎಲ್ಲ ಹೇಳಿದೆ.

"ನೀನೇ ನೋಡ್ಕೋ ಅಂತ ನಿನ್ನ ಕಳಿಸಿದ ಮೇಲೆ ನಾನು ಎಲ್ಲಿಗೆ ಹೋಗ್ತಿದ್ದೆ ಹೇಳು?"

"ಟೀಗೆ."

"ಮೇಲಿನ ಮಹಡಿಗೆ. ಈಗಿನ ಎಂ.ಡಿ.ಯವರ ಅಪ್ಪ ಇದ್ರಲ್ಲ ಆಗ, ಅವರ ಹತ್ರ. ಇವಳಿಗೆ ಬಿಟ್ಟಿದ್ದೀನಿ, ಏನೇ ಮಾಡಿದ್ರೂ ಅದು ನಾನು ಮಾಡಿದ್ದು, ಆಮೇಲೆ ಅವಳನ್ನ ಕೇಳ್ಬೇಡಿ — ಅಷ್ಟು ಹೇಳಿ ಇಳಿದು ಬರ್ತಿದ್ದೆ."

ಎಣ್ಣೆ ಡಬ್ಬಿಗೆ ಮುಚ್ಚಳ ಹಾಕಿದರು.

"ಪೋಸ್ಟರ್‌ನಲ್ಲಿ ತಪ್ಪು ಫೋನ್ ನಂಬರ್ ಹಾಕಿಸಿದ್ಯಲ್ಲ, ನೆನಪಿದೆಯಾ? ಬೀಗ ಕೇಳೋರೆಲ್ಲ ಯಾವುದೋ ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿದ್ರು."

ನೆನಪಿಲ್ಲದೆ ಏನು. ಯಾರೂ ಗಮನಿಸಲೇ ಇಲ್ಲ ಅಂದುಕೊಂಡು ಇಷ್ಟು ವರ್ಷ ಬದುಕಿದ್ದೆ. ಅದಕ್ಕೆ ಮೇಷ್ಟ್ರನ್ನು ಎಲ್ಲರೆದುರು ನಿಲ್ಲಿಸಿ ಬೈದರಂತೆ. ಆ ವರ್ಷ ಅವರಿಗೆ ಇನ್ಕ್ರಿಮೆಂಟ್ ಸಿಗಲಿಲ್ಲವಂತೆ.

"ಒಂದು ಮಾತು ಹೇಳ್ಬಾರ್ದಿತ್ತಾ ಸರ್ ನನಗೆ?"

"ಹೇಳಿದ್ರೆ ನಿನಗೆ ಭಾರ ಆಗ್ತಿತ್ತು, ಕೈ ಕಟ್ಟಿ ಹಾಕ್ದಂಗೆ. ಆದ್ರೆ ಈಗ ಅನ್ಸತ್ತೆ, ಹೇಳ್ಬೇಕಿತ್ತು. ಅರ್ಧ ಮಾತ್ರ ಕಲಿಸಿ ಬಂದುಬಿಟ್ಟೆ." ಕೈಯ ಎಣ್ಣೆ ಒರೆಸಿಕೊಂಡರು. "ಉದ್ದಣ್ಣನಿಗೆ ಫೋನ್ ಮಾಡಿದ್ಯಾ?"

"ಇಲ್ಲ."

"ಹೂಂ."

ಆ ಹೂಂ ಕೇಳಿ ಅಳು ಬಂತು. ಬಸ್ಸಿನಲ್ಲಿ ಅತ್ತೆ. ಪಕ್ಕದ ಹೆಂಗಸು ಕಿಟಕಿಯ ಸೀಟು ಬಿಟ್ಟುಕೊಟ್ಟರು.

ಜೂನ್ 17, ಸೋಮವಾರ

ಎಂ.ಡಿ. ಬರುವ ಮೊದಲೇ ಅವರ ಬಾಗಿಲಲ್ಲಿದ್ದೆ.

"ಒಪ್ಪಿಗೆ ಕೊಟ್ಟಿದ್ದು ನಾನು ಸರ್. ಅವರು ಎರಡು ಸಲ ಕೇಳಿದ್ರು, ಎರಡು ಸಲವೂ ಹೂಂ ಅಂದೆ."

"ಅವತ್ತು ಹಾಗೆ ಹೇಳ್ಲಿಲ್ವಲ್ಲ?"

"ಅವತ್ತು ಹೆದರಿದೆ."

ಪೆನ್ನು ತಿರುಗಿಸುತ್ತಾ ಕೂತರು. "ಕ್ರಮ ತಗೊಂಡು ವಾರಕ್ಕೇ ವಾಪಸ್ ತಗೊಂಡ್ರೆ ನಾನು ಹೇಗೆ ಕಾಣ್ತೀನಿ?"

"ನನ್ನ ಮೇಲೆ ತಗೊಳ್ಳಿ ಸರ್."

ತಗೊಂಡರು. ಹಳೇ ಬೀಗದ ನಷ್ಟ ನನ್ನ ಬಜೆಟ್ಟಿನಿಂದ, ಟಿ.ವಿ. ಜಾಹೀರಾತು ರದ್ದು. ಇನ್ನೊಂದು ವರ್ಷ ನಾನು ಹಂಗಾಮಿ ಮುಖ್ಯಸ್ಥೆ. ಉದ್ದಣ್ಣ ಮುಂದಿನ ಸೋಮವಾರದಿಂದ ಬರಬಹುದು.

ಸಂಜೆ ಅವರ ಮನೆಗೆ ಹೋದೆ. ಬಾಗಿಲು ಅವರೇ ತೆಗೆದರು.

"ಬನ್ನಿ ಮೇಡಂ. ಕೂತ್ಕೊಳ್ಳಿ."

ಅತ್ತಿಗೆ ಒಳಗಿನಿಂದ ಇಣುಕಿ ನೋಡಿ ಹೊರಗೆ ಬರಲಿಲ್ಲ. ತಪ್ಪಾಯ್ತು ಅಣ್ಣ ಅಂದೆ. ಬೇರೆ ಏನೇನೋ ಹೇಳಬೇಕು ಅಂದುಕೊಂಡು ಹೋಗಿದ್ದೆ, ಬಾಯಿಗೆ ಬಂದಿದ್ದು ಅದೊಂದೇ.

"ಬಿಡಿ ಮೇಡಂ. ಕೆಲಸ ಅಂದ್ಮೇಲೆ ಇದೆಲ್ಲ ಇದ್ದಿದ್ದೇ."

ಕಾಫಿ ಕೊಟ್ಟರು. ಕುಡಿದು ಬಂದೆ.

ಜೂನ್ 28

ಬಿಡುಗಡೆ ಆಯಿತು. ಮುಖ್ಯರಸ್ತೆಯ ಅಂಗಡಿಗಳಲ್ಲೆಲ್ಲ ಹೊಸ ಬೀಗವೇ ಮುಂದೆ. ಉದ್ದಣ್ಣ ಕೊಟ್ಟ ಮಾತನ್ನು ಉಳಿಸಿದ್ದಕ್ಕೇ ಇಟ್ಟರು, ಬೇರೆ ಕಾರಣ ಇಲ್ಲ. ಎಂ.ಡಿ. ನನಗೆ ಶಹಭಾಸ್ ಅಂದರು. ಇದು ಉದ್ದಣ್ಣನ ಕೆಲಸ ಅಂತ ಎಲ್ಲರೆದುರು ಹೇಳಿದೆ. ಅವರು "ಟೀಮ್ ಕೆಲಸ ಸರ್" ಅಂತ ಹೇಳಿ ಕೂತುಬಿಟ್ಟರು.

ಜುಲೈ 2, ಮಂಗಳವಾರ

ಮಧ್ಯಾಹ್ನ ಉದ್ದಣ್ಣ ಕ್ಯಾಬಿನ್ನಿಗೆ ಬಂದರು. ದೊಡ್ಡ ಅಂಗಡಿಯಲ್ಲಿ ತೋರಿಸಲು ಇಟ್ಟ ಎರಡು ಬೀಗಕ್ಕೆ ಗೀರು ಬಿದ್ದಿದೆ, ಬದಲಾಯಿಸಿ ಕೇಳುತ್ತಿದ್ದಾರೆ.

ಪುಟ್ಟ ವಿಷಯ. ಆದರೂ ಕೈಯಲ್ಲಿದ್ದದ್ದು ಕೆಳಗಿಟ್ಟೆ, ಎದ್ದು ನಿಂತೆ. "ಬದಲಾಯಿಸಿ ಕೊಡಿ ಅಣ್ಣ. ನಾನು ಹೇಳಿದೆ ಅಂತಲೇ ಹೇಳಿ. ಯಾರು ಕೇಳಿದ್ರೂ ಉತ್ತರ ನಾನು ಕೊಡ್ತೀನಿ." ಇಷ್ಟು ಸರಿಯಾಗಿ ಈ ಕುರ್ಚಿಯಲ್ಲಿ ನಾನು ಯಾವತ್ತೂ ಮಾತಾಡಿರಲಿಲ್ಲ.

"ಆಗ್ಲಿ ಮೇಡಂ," ಅಂದರು. "ಒಂದು ಮೇಲ್ ಹಾಕಿಬಿಡಿ."

ಕೋಪ ಇರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಇಷ್ಟು ವರ್ಷ ಲಾರಿಗಟ್ಟಲೆ ಮಾಲನ್ನು ಬರೀ ಬಾಯಿಮಾತಿನ ಮೇಲೆ ಕಳಿಸಿದ ಮನುಷ್ಯ. ಎರಡು ಬೀಗಕ್ಕೆ ಮೇಲ್.

ಅಲ್ಲೇ ಟೈಪ್ ಮಾಡಿ ಕಳಿಸಿದೆ. ಅವರ ಫೋನು ಸದ್ದು ಮಾಡಿತು. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಬಂತು ಮೇಡಂ," ಅಂತ ಹೇಳಿ ಹೋದರು.

ಈಗ ಮತ್ತೆ ಅವರದೇ ಮೆಸೇಜು. ಬೇರೆ ಅಂಗಡಿ, ಬೇರೆ ವಿಷಯ. ಕೊನೆಗೆ — ದಯವಿಟ್ಟು ಬರಹದಲ್ಲಿ ತಿಳಿಸಿ. ತಿಳಿಸುತ್ತೇನೆ. ನಾಳೆಯಿಂದ ಕೇಳುವ ಮೊದಲೇ ತಿಳಿಸುತ್ತೇನೆ. ಎಷ್ಟು ದಿನ ಅಣ್ಣ ಅಂತ ಕೇಳುವ ಮುಖ ನನಗಿಲ್ಲ, ಆದರೂ ಒಂದು ದಿನ ಅವರು ಮತ್ತೆ ತಾಯಿ ಅಂದಾರು ಅಂತ ಕಾಯುತ್ತೇನೆ.