ಜೋಳದ ಕಾಳಿನಷ್ಟು ಭೇಜಾ

ಗುಲ್ಬರ್ಗಾ
೧೮ ಆಗಸ್ಟ್ ೧೯೯೯

ಅವ್ವನಿಗೆ ಶರಣು.

ಕಾಲುವೆ ನೀರು ಬಂದಮೇಲೆ ನಮ್ಮ ಶಹಾಪುರದ ಹಳ್ಳದ ಮೀನುಗಳು ಬೇಸಿಗೆಯಲ್ಲೂ ಮೊಟ್ಟೆಯಿಡುತ್ತಿವೆ. ಅದರ ಕಾರಣವನ್ನು ಅವುಗಳ ಮೆದುಳಿನ ಪ್ರೋಟೀನುಗಳಲ್ಲಿ ಹುಡುಕುವುದೇ ಇಲ್ಲಿ ಯೂನಿವರ್ಸಿಟಿ ಲ್ಯಾಬಿನಲ್ಲಿ ನನ್ನ ಕೆಲಸ. ಜೋಳದ ಕಾಳಿನಷ್ಟು ಮೆದುಳು, ಹೊರತೆಗೆಯುವಾಗ ಎಲ್ಲರ ಕೈಯಲ್ಲೂ ನುಜ್ಜಾಗುತ್ತಿತ್ತು. ನಿನ್ನೆ ನಿನ್ನ ಮಾತು ನೆನಪಾಯಿತು: "ಬುರುಡಿ ಒಡಿಬ್ಯಾಡ, ಮುಚ್ಚಳ ತೆಗದಂಗ ಎತ್ತು, ಭೇಜಾ ಇಡಿಯಾಗಿ ಬರತೈತಿ." ಹಾಗೇ ಮಾಡಿದೆ, ಬಂತು.

ಯಾರು ಕಲಿಸಿದರೆಂದು ನಮ್ಮ ಸರ್ ಕೇಳಿದರು. ಸಂತೆಯಲ್ಲಿ ಕುರಿತಲೆ ಬಿಡಿಸಿ ಮಾರುವ ನಮ್ಮವ್ವ ಎಂದೆ. ಇಲ್ಲಿಗೆ ಸೇರಿದ ದಿನ ನಾಚಿಕೊಂಡು, ನೀನು ಟೀಚರ್ ಎಂದು ಸುಳ್ಳು ಹೇಳಿದ್ದನ್ನೂ ಒಪ್ಪಿಕೊಂಡೆ.

"ಅದರಾಗ ಸುಳ್ಳೇನೈತಿ?" ಎಂದರು.

ಅಣ್ಣ ಬರುವಾಗ ನಿನ್ನ ಸಣ್ಣ ಚಾಕು ಕೊಟ್ಟು ಕಳಿಸು. ಸರ್ ಕೂಡ ಕಲಿಯುತ್ತಾರಂತೆ.

ನಿನ್ನ ಮಗಳು
ಶೇಖಮ್ಮ