'ಎರಡನೇ ದಿಂಬು' ಆಟಕ್ಕೆ ಮಾತು ಬರೆದವಳು ನಾನು

ನಮ್ಮ ಸರಹದ್ದಿನ ಪೊಲೀಸ್ ಇನ್ಸ್‌ಪೆಕ್ಟರ್ ಸಾಹೇಬರೇ,

ಹೋದ ತಿಂಗಳು ನೀವು ಇಪ್ಪತ್ತೇಳು ವರ್ಷದ ಹೆಣ್ಣುಮಗಳೊಬ್ಬಳನ್ನು, ತಪ್ಪಿಸಿಕೊಂಡ ಎಮ್ಮೆಯನ್ನು ಹಿಡಿದುಕೊಡುವ ಹಾಗೆ, ಅವಳ ಸೋದರಮಾವನ ಕೈಗೆ ಒಪ್ಪಿಸಿದಿರಿ. ಎಮ್ಮೆಯಾಗಿದ್ದರೆ ಕಿವಿಗೆ ಹಾಕಿದ ನಂಬರನ್ನಾದರೂ ನೋಡುತ್ತಿದ್ದಿರಿ. ಇವಳ ಹತ್ತಿರ ಆಧಾರ್ ಕಾರ್ಡಿತ್ತು, ಕೆಲಸವಿತ್ತು, ಬಾಡಿಗೆ ಕರಾರಿತ್ತು; ಬಾಯಿಯೂ ಇತ್ತು, ಅದು ಮಾತ್ರ ನಿಮಗೆ ಬೇಕಾಗಲಿಲ್ಲ. ಬಟವಾಡಿಯಲ್ಲಿ ಅವಳಿಗೆ ಮಹಡಿ ಮನೆ ಬಾಡಿಗೆಗೆ ಕೊಟ್ಟವಳು ನಾನು, ನಿವೃತ್ತ ಕನ್ನಡ ಟೀಚರು. ಅವತ್ತು ದಿನವೆಲ್ಲ ನಿಮ್ಮ ಠಾಣೆಯ ಬೆಂಚಿನ ಮೇಲೆ ಕೂತಿದ್ದೆ. ನನ್ನ ಹೇಳಿಕೆಯನ್ನು ನೀವು ತೆಗೆದುಕೊಳ್ಳಲಿಲ್ಲವಾದ್ದರಿಂದ ಪತ್ರಿಕೆಗೆ ಕೊಡುತ್ತಿದ್ದೇನೆ.

ಓದುವವರಿಗೆ ಅಪರಾಧ ಏನೆಂದು ತಿಳಿಯಲಿ. ನಿಟ್ಟೂರಿನ ಇಂಪನಾ, ಅವಳೊಂದಿಗೆ ಸಂಸಾರ ಮಾಡುತ್ತಿದ್ದ ಅಪರ್ಣ, ಇಬ್ಬರೂ ಸೇರಿ ಫೋನು, ಕಂಪ್ಯೂಟರುಗಳಲ್ಲಿ ಓದುವ ಒಂದು ಆಟ ಮಾಡಿದರು. ಹೆಸರು 'ಎರಡನೇ ದಿಂಬು'. ಪರದೆಯ ಮೇಲೆ ಚಿತ್ರ, ಕೆಳಗೆ ಮಾತು, ಕೆಲವು ಕಡೆ ಹುಡುಗಿಯರದೇ ದನಿ, ಅಲ್ಲಲ್ಲಿ ಎರಡೆರಡು ಉತ್ತರ. ಒಂದನ್ನು ಆರಿಸಿ ಒತ್ತಿದರೆ ಕಥೆ ಮುಂದಕ್ಕೆ ಹೋಗುತ್ತದೆ. ಗುಬ್ಬಿಯ ಬ್ಯಾಂಕಿನವಳೊಬ್ಬಳಿಗೂ ಕುಣಿಗಲ್ಲಿನ ಪಶುವೈದ್ಯೆಯೊಬ್ಬಳಿಗೂ ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ತಪ್ಪಿ, ಮಾತು ಬೆಳೆದು, ಪ್ರೀತಿಯಾಗುತ್ತದೆ. ವಯಸ್ಕರಿಗೆ ಮಾತ್ರ ಎಂದು ಮೊದಲ ಪರದೆಯಲ್ಲೇ ಬರೆದಿತ್ತು. ನಿಧಾನವಾಗಿ ಓದಿದರೂ ಒಂದು ಗಂಟೆಯ ಕಥೆ. ನಿಮ್ಮ ಠಾಣೆಯಲ್ಲಿ ಸಂಜೆಯವರೆಗೂ ಹಿಡಿಯಿತು, ಯಾಕೆಂದರೆ ಪರಿಶೀಲನೆ ಅಷ್ಟು ಶ್ರದ್ಧೆಯಿಂದ ನಡೆಯಿತು. ಒಳಗಿನ ನಗು ಬೆಂಚಿಗೆ ಕೇಳುತ್ತಿತ್ತು. ಪೇದೆಯೊಬ್ಬ ನಿಮಗೆ ದಾರಿ ತೋರಿಸುತ್ತಿದ್ದ: "ಸಾರ್, ಮೇಲಿಂದು ಒತ್ತಬ್ಯಾಡಿ, ಅದು ಒತ್ತಿದ್ರೆ ಜಗಳ ಆಡ್ಕಂಡು ಮನೀಕತಾರೆ. ಕೆಳಗಿಂದು ಒತ್ತಿ ಸಾರ್." ಅಶ್ಲೀಲತೆಯ ವಿರುದ್ಧ ಇಷ್ಟೊಂದು ಅನುಭವ ಗಳಿಸಿದ ಸಿಬ್ಬಂದಿ ಜಿಲ್ಲೆಯ ಬೇರೆ ಯಾವ ಠಾಣೆಯಲ್ಲಿ ಸಿಗುತ್ತಾರೆ, ನೀವೇ ಹೇಳಿ.

ದೂರು ಕೊಟ್ಟ ಲಕ್ಷ್ಮೀಕಾಂತನೂ ಇದೇ ಶ್ರದ್ಧೆಯವನು. ಇಂಪನಾಳ ತಾಯಿಯ ತಮ್ಮ. ಆಟದಲ್ಲಿ ಮಾತಾಡುವ ಪಶುವೈದ್ಯೆಯ ದನಿ ತನ್ನ ಅಕ್ಕನ ಮಗಳದೇ ಎಂದು ಗುರುತು ಹಿಡಿದು ನಿಮ್ಮ ಬಳಿ ಓಡಿಬಂದ. ಆ ದನಿ ಮೊದಲ ಸಲ ಕೇಳಿಸುವುದು ಕಥೆ ಅರ್ಧ ದಾಟಿ, ಇಬ್ಬರೂ ಮಲಗುವ ಕೋಣೆಗೆ ಬಂದ ಮೇಲೆ. ಇಬ್ಬರು ಹೆಂಗಸರ ಪ್ರಣಯವನ್ನು ಅಲ್ಲಿಯವರೆಗೆ ಯಾಕಪ್ಪ ಓದಿಕೊಂಡು ಹೋದೆ ಎಂದು ನೀವು ಅವನನ್ನು ಕೇಳಬಹುದಿತ್ತು. ಕೇಳುವ ಬದಲು ಕುರ್ಚಿ ಕೊಟ್ಟು ಕಾಫಿ ತರಿಸಿದಿರಿ, ಹುಡುಗಿಯರ ವಿಳಾಸ ಹುಡುಕಿಸಿಕೊಟ್ಟಿರಿ. ಇಂಪನಾಳ ತಂಟೆಗೆ ಇನ್ನು ಹೋಗುವುದಿಲ್ಲ ಎಂದು ಅಪರ್ಣಳಿಂದ ಮುಚ್ಚಳಿಕೆ ಬರೆಸಿಕೊಂಡಿರಿ. ಕೇಸು ಮಾತ್ರ ಹಾಕಲಿಲ್ಲ. ಹಾಕಿದ್ದರೆ ಆ ಹುಡುಗಿಯರಿಗೆ ಒಬ್ಬ ವಕೀಲನಾದರೂ ಸಿಗುತ್ತಿದ್ದ.

ಆಗ ನಾನಾಗಿಯೇ ಒಳಗೆ ಬಂದು, ಈ ಮಾತೆಲ್ಲ ಬರೆದವಳು ನಾನು, ನನ್ನನ್ನು ಹಿಡಿಯಿರಿ ಎಂದೆ. ನೀವು ಏನೆಂದಿರಿ ನೆನಪಿದೆಯೇ? "ಅಮ್ಮ, ನೀವು ದೊಡ್ಡೋರು, ಮಡಿ ಮಾಡೋರು. ಹುಡ್ಗೀರ್ನ ಉಳಿಸ್ಬೇಕು ಅಂತ ಸುಳ್ಳು ಹೇಳ್ಬೇಡಿ. ಹೋಗಿ, ಆಟೋ ಮಾಡಿಸ್ಕೊಡ್ತೀನಿ." ಹಾಗಾದರೆ ಊರೆಲ್ಲ ಕೇಳುವ ಹಾಗೆ ಹೇಳುತ್ತೇನೆ. ಹುಡುಗಿಯರು ಮೊದಲು ಬರೆದದ್ದರಲ್ಲಿ ಕಥೆಯ ಇಬ್ಬರು ಹೆಂಗಸರು ಮುತ್ತು ಕೊಡುವಾಗಲೂ ಸರ್ಕಾರಿ ಸುತ್ತೋಲೆಯ ಕನ್ನಡ ಮಾತಾಡುತ್ತಿದ್ದರು. ನಕ್ಕು ಸಾಕಾಗಿ, ಕೊಡಿ ಇಲ್ಲಿ ಎಂದು ನಾನೇ ತಿದ್ದಲು ಕೂತೆ. ಒಬ್ಬಳು ಇನ್ನೊಬ್ಬಳ ಜಡೆ ಬಿಚ್ಚುವುದು, "ದೀಪ ಆರಿಸ್ಬೇಡ ಕಣೇ, ನಿನ್ನ ನೋಡ್ಬೇಕು" ಎನ್ನುವುದು, ನಿಮ್ಮವರು ತಿರುತಿರುಗಿ ಪರಿಶೀಲಿಸಿದ ಆ ಹಾಸಿಗೆ, ಎಲ್ಲವೂ ನನ್ನದು. ಕಲ್ಪನೆಯೂ ಅಲ್ಲ. ವಯಸ್ಸಿನಲ್ಲಿ ಕುಣಿಗಲ್ಲಿಗೆ ಟೀಚರಾಗಿ ಹೋದಾಗ ನಾನೂ ಇನ್ನೊಬ್ಬ ಟೀಚರೂ ಒಂದೇ ರೂಮಿನಲ್ಲಿದ್ದೆವು. ಅವಳೆಂದರೆ ನನಗೆ ಪ್ರಾಣ. ಅವಳಿಗೂ ನಾನು ಹಾಗೆಯೇ ಇದ್ದೆ. ಹೆಸರು ಹೇಳುವುದಿಲ್ಲ, ಅವಳಿಗೆ ಮೊಮ್ಮಕ್ಕಳಿದ್ದಾರೆ. ನನ್ನ ಮಗ ಕಿಟ್ಟು ಇದನ್ನು ಓದಿ ಫೋನ್ ಮಾಡುವುದನ್ನು ನಿಲ್ಲಿಸಬಹುದು, ನಿಲ್ಲಿಸಲಿ.

ಈಗ ಈ ಪತ್ರ ಬರೆಯಬೇಕಾಗಿ ಬಂದ ಕಾರಣಕ್ಕೆ ಬರುತ್ತೇನೆ. ಲಕ್ಷ್ಮೀಕಾಂತ ನಿಮಗೆ ಲಗ್ನಪತ್ರಿಕೆ ಕೊಟ್ಟು ಹೋದನಂತೆ. ಅಪರ್ಣಳಿಗೆ ಕಾಣಲಿ ಎಂದು ನಮ್ಮ ಗೇಟಿಗೂ ಒಂದು ಸಿಕ್ಕಿಸಿ ಹೋಗಿದ್ದಾನೆ. ವಧು ಇಂಪನಾ. ವರ ಅವನೇ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು ನಮ್ಮ ಕಡೆ ಹೊಸದೇನಲ್ಲ, ನೆಂಟರು ಉಂಡು ಹರಸಿ ಹೋಗುತ್ತಾರೆ. ಆದರೆ ಇಂಪನಾ ಮೂರು ವರ್ಷದ ಹಿಂದೆ ಮನೆ ಬಿಟ್ಟು ಬಂದದ್ದೇ ಈ ಮಾವ ಬೇಡವೆಂದು. ಮೂರು ವರ್ಷದಿಂದ ಅವನಿಗೆ ಸಿಗದವಳನ್ನು ಸರ್ಕಾರಿ ಜೀಪಿನಲ್ಲಿ ಹುಡುಕಿ ಕೊಟ್ಟವರು ನೀವು. ನಿಮ್ಮ ಮೇಜಿನ ಮುಂದೆ ನಿಂತು ಅವಳು ಇದನ್ನು ಹೇಳಿದಳು: "ಸಾರ್, ಮಾವನ್ ಜೊತೆ ಕಳಿಸ್ಬೇಡಿ. ಬೇಕಾದ್ರೆ ಕೇಸ್ ಹಾಕಿ, ಜೈಲಿಗೋಗ್ತೀನಿ." ನೀವು ಪೇದೆಯ ಕಡೆ ತಿರುಗಿ, "ಮನೆಗೋಗಮ್ಮ ಅಂದ್ರೆ ಜೈಲು ಕೇಳ್ತವ್ಳಲ್ಲೋ" ಎಂದು ನಕ್ಕಿರಿ. ಬೆಳಿಗ್ಗೆಯಿಂದ ನಗುತ್ತಿದ್ದ ಅವನು ಆಗ ನಗಲಿಲ್ಲ.

ಮೊನ್ನೆ ನಾನು ನಿಟ್ಟೂರಿಗೆ ಹೋಗಿದ್ದೆ. ಅವಳ ತಾಯಿ ಕಲ್ಲಮ್ಮ ಹೊಸ್ತಿಲಲ್ಲೇ ನಿಲ್ಲಿಸಿದರು. "ಅವ್ಳು ಯಾರ್ನೂ ನೋಡಾಕಿಲ್ಲ ಬುಡಿ ಮೇಡಮ್ಮೋರೆ. ತಾಳಿ ಬಿದ್ರೆ ಎಲ್ಲಾ ಸರಿ ಆಯ್ತದೆ" ಎಂದರು. ಅವರ ಹಿಂದೆ ಒಂದು ಕೋಣೆಯ ಬಾಗಿಲು ಕಾಣುತ್ತಿತ್ತು. ಚಿಲಕ ಹೊರಗಿನಿಂದ ಹಾಕಿತ್ತು.

ಮದುವೆ ಬರುವ ಗುರುವಾರ. ಅಷ್ಟರೊಳಗೆ ನೀವು ನಿಟ್ಟೂರಿಗೆ ಹೋಗಿ ಆ ಬಾಗಿಲು ತೆಗೆಸಬೇಕು. ಮಾವನನ್ನೂ ತಾಯಿಯನ್ನೂ ಬೀದಿಯಲ್ಲಿ ನಿಲ್ಲಿಸಿ, ಒಬ್ಬ ಹೆಣ್ಣು ಅಧಿಕಾರಿಯಿಂದ ಅವಳನ್ನು ಕೇಳಿಸಬೇಕು, ಎಲ್ಲಿರುತ್ತೀಯಮ್ಮ ಎಂದು. ಬಟವಾಡಿ ಎಂದರೆ ಕರೆದುಕೊಂಡು ಬನ್ನಿ. ಈ ಮದುವೆಯೇ ಇರಲಿ ಎಂದರೆ, ಹೆದರಿ ಹೇಳಿದಳೋ ಸಾಕಾಗಿ ಹೇಳಿದಳೋ, ಅಪರ್ಣಳಿಗೆ ಆ ಸುದ್ದಿಯನ್ನು ನಾನೇ ಹೇಳುತ್ತೇನೆ. ಇದಾವುದೂ ನಿಮ್ಮಿಂದ ಆಗದಿದ್ದರೆ ಗುರುವಾರ ತಪ್ಪದೆ ಛತ್ರಕ್ಕೆ ಹೋಗಿ ಅಕ್ಷತೆ ಹಾಕಿ. ಅವನು ಗಂಡ ಎನಿಸಿಕೊಂಡ ಮೇಲೆ, ಅವಳ ಇಷ್ಟವಿಲ್ಲದೆ ಆ ಕೋಣೆಯಲ್ಲಿ ನಡೆಯುವುದನ್ನು ಯಾರೂ ಅಶ್ಲೀಲ ಎನ್ನುವುದಿಲ್ಲ, ಯಾರೂ ನಿಮ್ಮ ಠಾಣೆಗೆ ದೂರು ತರುವುದಿಲ್ಲ. ಊಟ ಮಾಡಿಕೊಂಡೇ ಬನ್ನಿ.

ಇಂತಿ,
ತಪ್ಪೊಪ್ಪಿಕೊಂಡರೂ ಯಾರೂ ಹಿಡಿಯಲು ಬಾರದ
ಅಲಮೇಲಮ್ಮ
ಬಟವಾಡಿ, ತುಮಕೂರು