ಹಳಿಯ ಮೇಲೆ ಹಾಸಿದ ವಸ್ತ್ರ

ಸಿಂಗಪುರ
ಕಡಲೇರಿದ ನೂರಾ ಹನ್ನೊಂದನೆಯ ವರ್ಷ, ಮೂರನೆಯ ಮಳೆಗಾಲದ ಮೂವತ್ತೈದನೆಯ ತಾರೀಕು, ಸಂಜೆ

ದಾವಣಗೆರೆಯ ವನಮಾಲಾ ಅಜ್ಜಿಯವರಿಗೆ,

ನೀವು ನನಗಿಂತ ಎಷ್ಟೋ ತಲೆಮಾರು ಹಿಂದಿನವರು, ಈ ದ್ವೀಪ ನೋಡಲು ಬರುವ ಹೊತ್ತಿಗೆ ಮಾತ್ರ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಆದರೂ ಅಜ್ಜಿ ಎನ್ನುತ್ತೇನೆ, ಸಿಟ್ಟಾಗಬೇಡಿ. ತಾರೀಕು ನೋಡಿ ಗಾಬರಿಯೂ ಬೇಡ, ಮಳೆಗಾಲಗಳೇ ನಮ್ಮ ತಿಂಗಳು, ಅವು ಉದ್ದ. ಬಾಯಿಂದ ಬಾಯಿಗೆ ಬಂದ ಕನ್ನಡ ನನ್ನದು. ಎಲ್ಲಾದರೂ ವಿಚಿತ್ರವೆನಿಸಿದರೆ ಮನ್ನಿಸಬೇಕು. ಕಾಗದ ನಮ್ಮಲ್ಲಿ ಸಿಗುವುದಿಲ್ಲ, ಆದ್ದರಿಂದ ಬಟ್ಟೆಯ ಮೇಲೆ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿರುವುದಕ್ಕೆ ಬಟ್ಟೆಯೊಂದೇ ಕಾರಣವಲ್ಲ, ಮೊಣಕಾಲ ಮೇಲಿಟ್ಟು ಬರೆಯುತ್ತಿದ್ದೇನೆ.

ನೀವು ನಡೆದು ನೋಡಲಿರುವ ಪೇಟೆಯ ಮೂರು ಕೇರಿಗಳು, ಸೆರಂಗೂನ್, ಅರಬ್ ಬೀದಿ, ಚೈನಾಟೌನ್, ಈಗಲೂ ಇವೆ. ನೆಲಮಹಡಿಗಳು ಮಾತ್ರ ನೀರಿನಲ್ಲಿವೆ. ಮೇಲ್ಮಹಡಿಗಳ ನಡುವೆ ಹಲಗೆಯ ಬೀದಿ ಹಾಸಿಕೊಂಡು ಬದುಕುತ್ತಿದ್ದೇವೆ. ಮೂರೂ ಕೂಡುವಲ್ಲಿ ಕಡಲ್ಗದ ಇದೆ. ನೀರುಕ್ಕಿದಾಗ ಹಳಿಯ ಮೇಲೆ ಸರಿದು ಮುಚ್ಚಿಕೊಳ್ಳುವ ದೊಡ್ಡ ಉಕ್ಕಿನ ಬಾಗಿಲು ಅದು. ಇಷ್ಟು ದಿನ ನೀರಿಳಿದ ಮೇಲೆ ತೆರೆಯುತ್ತಿದ್ದರು. ಇವತ್ತು ಮುಚ್ಚಿದರೆ ಇನ್ನು ತೆರೆಯುವುದಿಲ್ಲ, ಕೇರಿಯಿಂದ ಕೇರಿಗೆ ದಾರಿಯೇ ಇರುವುದಿಲ್ಲ. ಯಾರ ಬೇರು ಎಲ್ಲಿಯದೋ ಅವರು ಅಲ್ಲೇ ಇರಬೇಕೆಂದು ಹೊರಸಮುದ್ರದಲ್ಲಿ ಕೂತು ನಮ್ಮನ್ನಾಳುವ ಆಡಳಿತ ಎಲ್ಲರಿಗೂ ಬೇರುಚೀಟಿ ಹಂಚಿದೆ. ನನಗೆ ಸೆರಂಗೂನ್. ನನ್ನ ಗಂಡ ಕಿಯಾನ್‌ಗೆ ಚೈನಾಟೌನ್. ಅತ್ತೆ ಸ್ವೀ ನಿಯೋ ಅವರ ತಾಯಿ ಮಲಯ್ ಹೆಂಗಸು, ಹಾಗಾಗಿ ಅವರಿಗೆ ಅರಬ್ ಬೀದಿ. ಒಂದೇ ಒಲೆಯ ಅನ್ನ ಉಂಡವರಿಗೆ ಮೂರು ಚೀಟಿ. ಇದನ್ನು ಯೋಚಿಸಿದವನ ಮನೆ ಹಾಳಾಗ.

ಮಧ್ಯಾಹ್ನ ನಾವು ಗಂಟುಮೂಟೆ ಕಟ್ಟುತ್ತಿದ್ದಾಗ ಅತ್ತೆ ಕಾಣಲಿಲ್ಲ. ಅವರಿಗೆ ಮರೆವು. ನಿನ್ನೆ ನನ್ನನ್ನೇ ಯಾರಮ್ಮ ನೀನು ಎಂದು ಕೇಳಿದ್ದರು. ಕಿಯಾನ್ ದೋಣಿಕಟ್ಟೆಗಳ ಕಡೆ ಓಡಿದ, ನಾನು ಕೇರಿಗಳಿಗೆ ಹೊರಟೆ. ಕದ ಮುಚ್ಚುವಾಗ ಅವರು ತಪ್ಪು ಕೇರಿಯಲ್ಲಿ ಸಿಕ್ಕಿಬಿದ್ದರೆ ಅವರ ಚೀಟಿಗೆ ಅಲ್ಲಿ ಅನ್ನವೂ ಇಲ್ಲ, ನೀರೂ ಇಲ್ಲ.

ಅರಬ್ ಬೀದಿಯ ಅತ್ತರಿನ ಅಂಗಡಿಗಳು ಆಗಲೇ ಬಾಗಿಲು ಹಾಕಿದ್ದವು. ಪಕ್ಕದ ಊಟದ ಮನೆಯಲ್ಲಿ ಮೂರು ಕುರ್ಚಿಗಳ ಮೇಲೆ ಅತ್ತೆಯ ವಸ್ತ್ರಗಳು, ಅಂಚಿನಲ್ಲಿ ಅವರದೇ ನೀಲಿ ಮಣಿಯ ಕಸೂತಿ. "ನಿಮ್ಮತ್ತೆ ಜಾಗ ಹಿಡಿದು ಹೋದರು, ಯಾವಾಗ ಬರ್ತೀರಿ? ಅನ್ನ ಆರಿಹೋಗ್ತಿದೆ" ಎಂದು ಆ ಊಟದ ಮನೆಯ ಹಮೀದಾ ನನ್ನನ್ನೇ ಗದರಿಸಿದಳು. ಸೆರಂಗೂನಿನಲ್ಲಿ, ಮಲ್ಲಿಗೆ ಕಟ್ಟುವವರ ಜಗಲಿಯ ಹಿಂದಿನ ಇಡ್ಲಿಯಂಗಡಿಯಲ್ಲೂ ಮೂರು ವಸ್ತ್ರ. ಚೈನಾಟೌನಿನ ಗಂಜಿಯಂಗಡಿಯಲ್ಲೂ ಮೂರು. ಅತ್ತೆ ಮಾತ್ರ ಎಲ್ಲೂ ಇಲ್ಲ. ಅಷ್ಟರಲ್ಲಿ ಕದದ ಸೈರನ್ ಕೂಗಿತು. ನನಗೆ ಅಳು ಬಂತು.

ವಸ್ತ್ರದ ವಿಷಯ ನಿಮಗೆ ಹೇಳಬೇಕು. ನಿಮ್ಮ ಕಾಲದಲ್ಲಿ ಇಲ್ಲಿನವರು ಊಟದ ಮೇಜಿನ ಮೇಲೆ ಟಿಶ್ಯೂ ಪೇಪರಿನ ಸಣ್ಣ ಪೊಟ್ಟಣ ಇಟ್ಟು ಜಾಗ ಹಿಡಿಯುತ್ತಾರೆ. ನೀವು ಅದನ್ನು ಕಸವೆಂದು ಬುಟ್ಟಿಗೆ ಹಾಕಿ, ಮೇಜು ಒರೆಸಿ ಕೂರಲಿದ್ದೀರಿ, ಅಚ್ಚುಕಟ್ಟಿನ ಹೆಂಗಸು ನೀವು. ತಟ್ಟೆ ಹಿಡಿದು ಬಂದ ಚೀನೀ ಹೆಂಗಸೊಬ್ಬಳು ನಿಮಗೆ ಮಂಗಳಾರತಿ ಮಾಡುತ್ತಾಳೆ, ಆಮೇಲೆ ತಾನೇ ಸರಿದು ಜಾಗ ಕೊಡುತ್ತಾಳೆ. ಆ ಸ್ನೇಹದಿಂದಲೇ ನಮ್ಮ ಮನೆತನ ಈ ದ್ವೀಪಕ್ಕೆ ಬಂತು. ಕಾಗದ ಹೋದ ಮೇಲೆ ಬಟ್ಟೆ ಬಂತು, ಅದಕ್ಕೆ ಜಾಗವಸ್ತ್ರ ಎನ್ನುತ್ತೇವೆ. ಹಾಸಿದವರೇ ಅದನ್ನು ಎತ್ತಬೇಕು. ಇಲ್ಲಿ ಹುಟ್ಟಿ ಬೆಳೆದ ಕಳ್ಳನೂ ಮುಟ್ಟುವುದಿಲ್ಲ.

ಸೈರನ್ ಕೇಳಿ ನಾನು ಇಲ್ಲಿಗೆ ಓಡಿ ಬಂದಾಗ ಅತ್ತೆ ಕಡಲ್ಗದದ ಹಳಿಯ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಎರಡು ವಸ್ತ್ರ ಹಾಸಿ, ಗಾಳಿಗೆ ಹಾರದಂತೆ ತಮ್ಮ ಚಪ್ಪಲಿ ಇಟ್ಟಿದ್ದರು. ಸುತ್ತ ಕಾವಲಿನವರು ಬೆವರುತ್ತ ನಿಂತಿದ್ದರು. "ಆಂಟಿ, ದಯವಿಟ್ಟು ಎತ್ತಿಕೊಳ್ಳಿ" ಎಂದು ಒಬ್ಬ ಅಂಗಲಾಚುತ್ತಿದ್ದ. ಬಗ್ಗಿ ಕೈ ಚಾಚಿದವನು ವಸ್ತ್ರದ ಹತ್ತಿರ ಬಂದು ಕೈ ಹಿಂದೆಗೆದ. ಬಂದೂಕು ಹೊತ್ತ ಗಂಡಸರು ಒಂದು ಚೂರು ಬಟ್ಟೆಗೆ ಹೆದರಿದ್ದರು. ಅತ್ತೆ ನನ್ನನ್ನು ನೋಡಿ, ನಾನೇ ಕಲಿಸಿದ ಮುರುಕು ಕನ್ನಡದಲ್ಲಿ, "ಬಾ, ಕೂತ್ಕೋ, ನಿಂದು ಜಾಗ" ಎಂದರು. ಇದು ಮರೆವೋ ಜಾಣತನವೋ ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಇಲ್ಲ.

ಕೂತೆ. ಕಿಯಾನ್ ಕೂಡ ಬಂದು ಕೂತ. ಕದ ಇನ್ನೂ ತೆರೆದಿದೆ. ಆದರೆ ಕಾವಲಿನವರು ಮೇಲಕ್ಕೆ ಸುದ್ದಿ ಕಳಿಸಿದ್ದಾರೆ, ಹೊರಸಮುದ್ರದ ಅಧಿಕಾರಿಯ ದೋಣಿ ಬರುತ್ತಿರುವುದು ಇಲ್ಲಿಂದಲೇ ಕಾಣುತ್ತಿದೆ. ಅವನು ಈ ದ್ವೀಪದವನಲ್ಲ. ಅವನಿಗೆ ಇದು ಬರೀ ಬಟ್ಟೆ. ನನಗೆ ಭಯವಾಗುತ್ತಿದೆ, ಅಜ್ಜಿ. ಈಗ ನೋಡಿದರೆ ಅತ್ತರಿನವರು, ಮಲ್ಲಿಗೆಯವರು, ಗಂಜಿಯಂಗಡಿಯವರು ಒಬ್ಬೊಬ್ಬರಾಗಿ ಬಂದು ಹಳಿಯುದ್ದಕ್ಕೂ ವಸ್ತ್ರ ಹಾಸುತ್ತಿದ್ದಾರೆ.

ನಿಮ್ಮಲ್ಲಿ ಕೇಳುವುದು ಇಷ್ಟೇ. ಪ್ರವಾಸದ ಪುಸ್ತಕ ಓದಿ ಜಾಣರಾಗಿ ಬರಬೇಡಿ. ಆ ಪೊಟ್ಟಣವನ್ನು ಬುಟ್ಟಿಗೆ ಹಾಕಿ. ಚೆನ್ನಾಗಿ ಬೈಸಿಕೊಳ್ಳಿ. ಆಕೆ ಸರಿದಾಗ ಸಂಕೋಚಪಡದೆ ಪಕ್ಕದಲ್ಲಿ ಕೂತು ಉಣ್ಣಿ.

ನಾನು ಬರೆಯುತ್ತಿರುವ ಈ ಬಟ್ಟೆಯೂ ಜಾಗವಸ್ತ್ರವೇ, ಅತ್ತೆಯ ಚೀಲದಲ್ಲಿ ಉಳಿದಿದ್ದ ಕೊನೆಯದು. ದೋಣಿ ದಡ ಮುಟ್ಟಿತು. ಇದನ್ನು ಬರಹ ಮೇಲಾಗಿ ನನ್ನ ಪಕ್ಕದಲ್ಲೇ ಹಾಸುತ್ತಿದ್ದೇನೆ. ಇದು ನಿಮ್ಮ ಜಾಗ, ಬೇಗ ಬನ್ನಿ.

ನಿಮ್ಮವಳು,
ಶರ್ವಾಣಿ